ಬಟ್ಟೆಗೂ ಒಂದು ತಡಿಕೆ

ನಮ್ಮತ್ತೆ ಏರಿಸಿದ ಕೊನೆಯ ಕೊಯ್ಲಿನ ತೆಂಗಿನಕಾಯಿ ಇನ್ನೂ ಅಟ್ಟದ ಮೇಲಿತ್ತು. ಇಳಿಸುವ ಕಾಲ ಬಂದಿದೆ ಎಂದು ನಮ್ಮ ಯಜಮಾನರು ಎರಡು ಸಲ ನೆನಪಿಸಿದ್ದರು. ಇಳಿಸಿದರೆ ಅತ್ತೆ ಕೈಯಿಟ್ಟ ಕೆಲಸ ಮನೆಯಲ್ಲಿ ಇನ್ನೊಂದು ಉಳಿಯುವುದಿಲ್ಲವಲ್ಲ ಎಂದು ನಾನು ಮುಂದೂಡುತ್ತಿದ್ದೆ.

ಬಲಿತ ಕಾಯನ್ನು ಅಟ್ಟಕ್ಕೇರಿಸಿ ಹನ್ನೊಂದು ತಿಂಗಳು ಬಿಟ್ಟರೆ ನೀರು ತಾನಾಗಿ ಇಂಗುತ್ತದೆ. ಕುಲುಕಿದಾಗ ಒಳಗೆ ಕೊಬ್ಬರಿ ಸದ್ದು ಮಾಡುತ್ತದೆ. ಅತ್ತೆಗೆ ಓದು ಬರುತ್ತಿರಲಿಲ್ಲ. ಒಂದೊಂದು ಕೊಯ್ಲಿನ ನಡುವೆ ಬಿದಿರಿನ ತಡಿಕೆ ನಿಲ್ಲಿಸಿ, ಮೇಲಿನ ತೊಲೆಗೆ ಅಮಾವಾಸ್ಯೆಗೊಂದರಂತೆ ಇದ್ದಿಲಿನ ಗೀಟು ಎಳೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಜಾಗ ಹೆಚ್ಚಲೆಂದು ಒಂದು ತಡಿಕೆ ಕಿತ್ತು, ಹಳೆಯದರ ಮೇಲೆ ಹೊಸ ಕಾಯಿ ಸುರಿಸಿಬಿಟ್ಟೆ. ಮೂರು ದಿನ ಇಬ್ಬರೂ ಕೂತು ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಕುಲುಕಿ ಬೇರೆ ಮಾಡಿದೆವು. ಅತ್ತೆ ಬೈಯಲಿಲ್ಲ, ಊರಿಗೆಲ್ಲ ಹೇಳಿಕೊಂಡು ನಕ್ಕರು.

ಆಮೇಲೆ ನಾನು ಹೊಲಿಗೆ ಶುರುಮಾಡಿದೆ. ಹೇಳಿದ ದಿನಕ್ಕೆ ಒಂದು ಬ್ಲೌಸೂ ಆಗುತ್ತಿರಲಿಲ್ಲ. ಚಿಕ್ಕನಾಯಕನಹಳ್ಳಿಯ ಅಕ್ಕ ಫೋನಿನಲ್ಲಿ ಅಲಾರಾಂ ಇಟ್ಟುಕೋ ಎಂದಳು. ಅದು ಹಾಲು ಕರೆಯುವಾಗ ಹೊಡೆದುಕೊಂಡು ಹಸು ಬಕೆಟ್ಟನ್ನೇ ಒದೆಯಿತು. ತುರುವೇಕೆರೆಯಲ್ಲಿ ನನಗೆ ಹೊಲಿಗೆ ಕಲಿಸಿದ ಸಾಬರು, ಗಿರಾಕಿಗಳಿಗೆ ಎರಡು ದಿನ ಹೆಚ್ಚಿಗೆ ಹೇಳಮ್ಮ ಎಂದರು. ಅದು ಗೊತ್ತಾಗಿ ಗಿರಾಕಿಗಳು ಎರಡು ದಿನ ಮೊದಲೇ ಬಂದು ಕೂರತೊಡಗಿದರು.

ಒಂದು ದಿನ ಅತ್ತೆ ಮಿಷನ್ನಿನ ಮೇಲಿನ ಬಟ್ಟೆ ರಾಶಿ ನೋಡಿದರು.

"ಮತ್ತೆ ಕಲ್ಸಿದೀಯಲ್ಲೇ. ಬಟ್ಟೆಗೂ ತಡಿಕೆ ಇಕ್ಕು. ಇವತ್ತಿಂದು ಮಾತ್ರ ಕಣ್ಮುಂದೆ ಇರ್ಲಿ, ಮಿಕ್ಕಿದ್ದು ಮುಚ್ಚಿಡು. ಅಟ್ಟದ ಕಾಯ್ನ ದಿನಾ ಯಾರಾದ್ರೂ ಕುಲುಕ್ತಾರಾ?"

ಗೋಡೆಗೆ ಆರು ಮೊಳೆ ಹೊಡೆದು, ದಿನಕ್ಕೊಂದರಂತೆ ಆರು ಚೀಲ ನೇತುಹಾಕಿದೆ. ಒಂದು ಚೀಲ ತುಂಬಿದರೆ ಮುಂದಿನ ದಿನದ್ದು. ವಾರದೊಳಗೆ ಕೆಲಸ ನನ್ನ ಹತೋಟಿಗೆ ಬಂತು. ಅತ್ತೆ ತಮ್ಮ ಬ್ಲೌಸಿನ ಬಟ್ಟೆಯನ್ನು ತಾವೇ ಶನಿವಾರದ ಚೀಲಕ್ಕೆ ತುರುಕಿ, "ಮನೆಯವಳು ಅಂತ ಹಿಂದಕ್ಕೆ ತಳ್ಳಬ್ಯಾಡ ಕಣೇ" ಅಂದರು. ಶನಿವಾರ ಸಂಜೆಗೆ ಗುಂಡಿ ಸಮೇತ ಕೊಟ್ಟೆ. ಅದನ್ನೇ ತೊಟ್ಟು ಮಾಯಸಂದ್ರದ ನೆಂಟರ ಮನೆಗೆ ಹೋಗಿ, ನನಗೆ ಮೂವರು ಗಿರಾಕಿಗಳನ್ನು ಹಿಡಿದು ತಂದರು.

ಕೊನೆಯ ಕೊಯ್ಲಿಗೆ ಏಳು ಗೀಟು ಎಳೆದ ಮೇಲೆ ಅತ್ತೆ ಹಾಸಿಗೆ ಹಿಡಿದರು, ಎಂಟನೆಯ ಅಮಾವಾಸ್ಯೆಗೆ ಇರಲಿಲ್ಲ. ನಾನು ಗೀಟು ಮುಂದುವರಿಸಲಿಲ್ಲ. ತೊಲೆಯ ಮೇಲೆ ಏಳೇ ತಿಂಗಳಾಗಿತ್ತು.

ಮೂರನೆಯ ಸಲ ನಮ್ಮ ಯಜಮಾನರು ನೆನಪಿಸಲಿಲ್ಲ. "ಅವ್ವ ಇದ್ದಿದ್ರೆ ಹಿಂಗೆ ಮುಂದಕ್ಕೆ ಹಾಕಕ್ಕೆ ನಿನ್ನ ಬುಡ್ತಿರಲಿಲ್ಲ ಕಣೇ" ಎಂದಷ್ಟೇ ಹೇಳಿ, ಏಣಿ ತಂದು ಒರಗಿಸಿ ನಿಂತರು.

ಸೋಮವಾರದ ಚೀಲ ಮುಗಿಸಿ ಹತ್ತಿದೆ. ಒಂದು ಕಾಯಿ ಕುಲುಕಿದೆ, ಸದ್ದು ಬಂತು. ಇನ್ನೊಂದು, ಅದರಲ್ಲೂ ಬಂತು. ಅತ್ತೆಯ ಲೆಕ್ಕ ತಪ್ಪಿರಲಿಲ್ಲ. ತೊಲೆಯ ಸಂದಿನಲ್ಲಿ ಅವರು ಸಿಕ್ಕಿಸಿದ್ದ ಇದ್ದಿಲು ತೆಗೆದು, ಬಾಕಿಯಿದ್ದ ನಾಲ್ಕು ಗೀಟು ಎಳೆದೆ. ಅವರ ಗೀಟಿನ ಪಕ್ಕದಲ್ಲಿ ನನ್ನವು ಸೊಟ್ಟ ಕಾಣುತ್ತಿದ್ದವು.

ಆಮೇಲೆ ಕೆಳಗಿದ್ದ ಯಜಮಾನರಿಗೆ ಗೋಣಿಚೀಲ ಹಿಡಿಯಲು ಹೇಳಿ, ಕಾಯಿ ಇಳಿಸಲು ಶುರುಮಾಡಿದೆ.