ಅನುಮಾನದ ಪಾಠ

ಹೋದ ತಿಂಗಳು ಸಂಡೂರಿನ ತವರಿನಲ್ಲಿ ಹಳೆಯ ಟ್ರಂಕು ತೆಗೆದಾಗ ಅದಿರಿನ ಕೆಂಪು ಧೂಳಿನ ವಾಸನೆ ಮೂಗಿಗೆ ಅಡರಿತು. ತಳದಲ್ಲಿ ಬಿ.ಎ. ಮೊದಲ ವರ್ಷದ ತತ್ತ್ವಶಾಸ್ತ್ರದ ನೋಟ್‌ಬುಕ್ಕು. ಮೊದಲ ಪುಟದಲ್ಲಿ ಒಂದೇ ಸಾಲು: 'ನನಗೆ ಇದು ಹೇಗೆ ಗೊತ್ತು?' ಮುಚ್ಚಿಟ್ಟೆ. ಮತ್ತೆ ತೆಗೆದೆ. ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ...

ಆ ಸಾಲು ಬರೆಸಿದವರು ಹೊಸಪೇಟೆ ಕಾಲೇಜಿನ ನಮ್ಮ ಸರ್. ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ಕ್ಲಾಸಿನಲ್ಲೇ ಕೇಳಿದರು: "ಡ್ಯಾಮ್ ತುಂಬೇತಿ ಅಂತ ಯಾರ್ಯಾರಿಗೆ ಗೊತ್ತು?" ಎಲ್ಲರೂ ಕೈ ಎತ್ತಿದೆವು. "ಕಣ್ಣಾರೆ ನೋಡಿದವ್ರು?" ಒಂದೇ ಕೈ ಉಳಿಯಿತು. ಅದು ಕುರೆಕುಪ್ಪದಿಂದ ಬರುತ್ತಿದ್ದ ಹುಡುಗಿಯದು.

"ಉಳಿದವ್ರು ಕೇಳೀರಿ. ಕೇಳಿ ನಂಬೋದು ತಪ್ಪಲ್ಲ. ಆದ್ರ ಹೇಳಿದವ್ರಿಗೆ ಹೆಂಗ ಗೊತ್ತಾತು ಅಂತ ಕೇಳ್ರಿ. ತತ್ತ್ವಶಾಸ್ತ್ರ ಅಲ್ಲಿಂದ ಶುರು."

ಮುಂದಿನ ವಾರದ ಪಾಠ ಅನುಮಾನ. ಹೊಗೆ ಕಂಡು ಬೆಂಕಿ ಇದೆಯೆಂದು ತಿಳಿಯುವುದು ಶಾಸ್ತ್ರದ ಅನುಮಾನ, ಮಂದಿ ಮಾತಿನ ಅನುಮಾನ ಬೇರೆ, ಎರಡನ್ನೂ ಕಲಸಬ್ಯಾಡ್ರಿ ಎಂದರು. ಅಚ್ಚುಕಟ್ಟಾಗಿ ಬರೆದುಕೊಂಡೆ.

ತಿಂಗಳೊಪ್ಪತ್ತಿನಲ್ಲಿ ನನ್ನ ಹೊಸ ಮೊಬೈಲು ಕಳೆಯಿತು. ಆ ಕುರೆಕುಪ್ಪದ ಹುಡುಗಿ, ನನ್ನ ಬ್ಯಾಗಿದ್ದ ಲೇಡೀಸ್ ರೂಮಿನಿಂದ ಒಬ್ಬಳೇ ಹೊರಬಂದದ್ದನ್ನು ಕಂಡಿದ್ದೆ. ಅಷ್ಟೇ ಕಂಡದ್ದು. ಅವಳೇ ತೆಗೆದುಕೊಂಡಳು ಎಂದು ಎಲ್ಲರಿಗೂ ಹೇಳಿದೆ. ಕಾಲೇಜಿನವರು ಅವಳ ಅಪ್ಪನನ್ನು ಕರೆಸಿದರು. ಅವರು ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಬಂದು, ತಲೆ ತಗ್ಗಿಸಿ ನಿಂತು, ಮಗಳನ್ನು ಕರೆದುಕೊಂಡು ಹೋದರು.

"ನೀ ನೋಡಿದ್ಯೇನವ್ವಾ?" ಎಂದರು ಸರ್.

"ಇಲ್ರಿ ಸರ್. ಆದ್ರ ನಂಗ ಗೊತ್ತು."

ಅವರು ನನ್ನ ಮುಖವನ್ನೇ ನೋಡಿ ಸುಮ್ಮನಾದರು.

ದಸರಾ ರಜೆಯಲ್ಲಿ ಮೊಬೈಲು ನಮ್ಮನೆಯ ಹೊಲಿಗೆ ಯಂತ್ರದ ಡಬ್ಬಿಯಲ್ಲೇ ಸಿಕ್ಕಿತು. ಸರ್‌ಗೆ ಮಾತ್ರ ಹೇಳಿಕೊಂಡು ಅತ್ತೆ.

"ನನ್ನ ಮುಂದ ಅತ್ರ ಏನ್ ಬಂತು? ಅಕಿ ಮುಂದ ಹೇಳ್ಬೇಕು. ಶನಿವಾರ ಬಸ್‌ಸ್ಟ್ಯಾಂಡಿಗೆ ಬಾ, ಅಕಿ ಊರಿಗೆ ನಾನೂ ಬರ್ತೀನಿ."

ನಾನು ಹೋಗಲಿಲ್ಲ. ಜ್ವರ ಎಂದು ಫೋನಿನಲ್ಲಿ ಸುಳ್ಳು ಹೇಳಿದೆ. ಸೋಮವಾರ ಅವರು ಏನೂ ಕೇಳಲಿಲ್ಲ, ಪಾಠ ಮುಂದುವರಿಸಿದರು. ಪದವಿ ಮುಗಿಯುವವರೆಗೂ ನನ್ನ ಮೇಲೆ ಅದೇ ಅಕ್ಕರೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು... ಆ ಹುಡುಗಿ ಮತ್ತೆ ಕಾಲೇಜಿಗೆ ಬರಲೇ ಇಲ್ಲ.

ಸರ್ ತೀರಿಕೊಂಡು ಎರಡು ವರ್ಷವಾಯಿತು. ನೋಟ್‌ಬುಕ್ಕು ಸಿಕ್ಕ ಮೇಲೆ ಕೂತಲ್ಲಿ ಕೂರಲಾಗದೆ, ಕೊನೆಗೆ ಮೊನ್ನೆ ಕುರೆಕುಪ್ಪಕ್ಕೆ ಹೋದೆ. ಆ ಹುಡುಗಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದವಳು ಅವಳೇ. ಗುರುತು ಹಿಡಿದಳು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

"ಮೊಬೈಲ್ ಸಿಕ್ಕಿದ್ದು ನಂಗ ಅವಾಗ್ಲೇ ಗೊತ್ತು," ಎಂದಳು. "ಒಂದ್ ಶನಿವಾರ ಸರ್ ಒಬ್ರೇ ಬಂದಿದ್ರು. 'ನಾನೂ ಅವತ್ತು ಬಾಯಿ ಬಿಡ್ಲಿಲ್ಲವ್ವಾ, ತಪ್ಪಾತು' ಅಂತ ಅಪ್ಪನ ಮುಂದ ಕೈ ಮುಗಿದ್ರು. ಕಾಲೇಜಿಗೆ ಕಳಸ್ರಿ ಅಂತ ಭಾಳ ಕೇಳ್ಕೊಂಡ್ರು. ಅಪ್ಪ ಒಪ್ಲಿಲ್ಲ."

ಆಮೇಲೆ ಕೇಳಿದಳು: "ನೀನು ಯಾಕ ಬರ್ಲಿಲ್ಲ?"

"ಹೆದ್ರಿದ್ದೆ," ಎಂದೆ.

ಅವಳು ಕ್ಷಮಿಸಿದೆ ಎನ್ನಲಿಲ್ಲ. ಕುಂದ್ರು ಎಂದೂ ಅನ್ನಲಿಲ್ಲ. ಮೆಲ್ಲಗೆ ಬಾಗಿಲು ಮುಂದೆ ಮಾಡಿದಳು.

ವಾಪಸು ಹೊಸಪೇಟೆಯಲ್ಲಿ ಇಳಿದಾಗ ಸರ್ ಊರಾದ ಕಂಪ್ಲಿಯ ಬಸ್ಸು ಹೊರಡುವುದರಲ್ಲಿತ್ತು. ಹತ್ತಲು ಎರಡು ಹೆಜ್ಜೆ ಇಟ್ಟೆ. 'ಹೋಗಿ ಹೇಳಿ ಬಂದೆ ಸರ್' ಎನ್ನಲು ಅಲ್ಲಿ ಈಗ ಯಾರೂ ಇಲ್ಲ ಎಂಬುದು ಆಮೇಲೆ ನೆನಪಾಯಿತು.