ಕುಂದರಿಸಿ ಖರೇ ಹೇಳುತ್ತಿದ್ದ ಕಾಕು

ಹಿಟ್ಟು ಕೂತು ಕೂತು ಕಾಕುವಿನ ಹುಬ್ಬುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಪಕ್ಕದ ಮನೆ ಅವರದು. ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ, ಹಿಂದೆ ಅವರು ಮತ್ತು ಮಗ. ಗಿರಣಿಯ ಸದ್ದಿನಲ್ಲೇ ಬಾಳಿದ್ದರಿಂದ ಮಾತು ಜೋರು. ಗಿರಾಕಿಗಳ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ. ಎರಡೂ ಓಣಿಯ ತುದಿಯವರೆಗೆ ಕೇಳಿಸುತ್ತಿದ್ದವು. ನಮಗೆ ಅವರು ರಕ್ತಸಂಬಂಧಿಯಲ್ಲ. ಆದರೂ ಓಣಿಯ ಮಕ್ಕಳೆಲ್ಲ ಸ್ವಂತ ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎಂದೇ ಕರೆಯುತ್ತಿದ್ದೆವು.

ನಾನು ಚಿಕ್ಕಂದಿನಿಂದಲೂ ಹೆದರುಪುಕ್ಕಲಿ. ಫೋನ್ ಬಂದರೆ ಎದೆ ಡವಗುಟ್ಟುತ್ತದೆ. ಅಪ್ಪ ಬರುವುದು ಸ್ವಲ್ಪ ತಡವಾದರೂ ಮನಸ್ಸು ಕೆಟ್ಟದ್ದನ್ನೇ ಎಣಿಸುತ್ತದೆ.

ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದಾಗ ಒಂದು ಮಧ್ಯಾಹ್ನ ದೊಡ್ಡಪ್ಪನ ಫೋನ್ ಬಂತು. "ಲಗೂನ ಮನಿಗೆ ಬಾ. ಅಂಥಾದ್ದೇನಿಲ್ಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ತಿರುಗಿ ಮಾಡಿದರೆ ಎತ್ತಲಿಲ್ಲ. ಅವ್ವನ ಫೋನ್ ಬಂದ್ ಇತ್ತು. ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತೆ. ನನ್ನ ಮನಸ್ಸಿನಲ್ಲಿ ಒಬ್ಬೊಬ್ಬರಾಗಿ ಮನೆಯವರೆಲ್ಲ ಸತ್ತರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಧಾನವಾದಾಗಲೆಲ್ಲ ಇಳಿದು ಓಡಿಬಿಡೋಣ ಅನ್ನಿಸುತ್ತಿತ್ತು.

ನಿಪ್ಪಾಣಿಯಲ್ಲಿ ಇಳಿದರೆ ಎದುರಿಗೆ ಕಾಕು. ಗಿರಣಿ ಬಿಟ್ಟು ಹಾಗೆಯೇ ಬಂದಿದ್ದರು. ನನ್ನ ಕೈ ಹಿಡಿದು ನಿಲ್ದಾಣದ ಕಟ್ಟೆಯ ಮೇಲೆ ಕೂರಿಸಿದರು.

"ನಿಮ್ಮಪ್ಪಗ ಎದ್ಯಾಗ ನೋವು ಬಂದೈತಿ. ಜೀವಾ ಐತಿ. ಕೊಲ್ಹಾಪುರಕ್ಕ ಒಯ್ದಾರ, ನಿಮ್ಮವ್ವ ಸಂಗಾಟ ಹೋಗ್ಯಾಳ."

"ಬದುಕ್ತಾರಿಲ್ರಿ ಕಾಕು?"

"ನನಗ ಗೊತ್ತಿಲ್ಲವಾ. ಡಾಕ್ಟರಗೂ ಇನ್ನಾ ಗೊತ್ತಾಗಿಲ್ಲ."

ಬದುಕುತ್ತಾರೆ ಎಂದು ಅವರು ಹೇಳಲಿಲ್ಲವಲ್ಲ ಎಂದು ಅಳು ಬಂತು. ಆದರೆ ಬಸ್ಸಿನುದ್ದಕ್ಕೂ ಮನೆಯವರೆಲ್ಲರಿಗಾಗಿ ಹೆದರಿದ್ದೆ. ಈಗ ಹೆದರಬೇಕಾದದ್ದು ಒಂದೇ ಸಂಗತಿಗೆ. ಕಾಕು ನನ್ನ ಜೊತೆಗೇ ಕೊಲ್ಹಾಪುರದ ಬಸ್ಸು ಹತ್ತಿದರು.

ದಾರಿಯಲ್ಲಿ ತಮ್ಮ ಕತೆ ಹೇಳಿದರು. ಮಗ ತೊಟ್ಟಿಲಲ್ಲಿದ್ದಾಗ ಅವರು ತವರುಮನೆ ಬೇಡಕಿಹಾಳದಲ್ಲಿದ್ದರು. ಗಂಡನಿಗೆ ಸ್ವಲ್ಪ ಜ್ವರ ಎಂದು ಹೇಳಿ ಭಾವಂದಿರು ಜೀಪು ತಂದಿದ್ದರು. ಜೀಪಿನಲ್ಲಿ ಒಬ್ಬರೂ ಅವರ ಮುಖ ನೋಡಲಿಲ್ಲವಂತೆ. ಓಣಿಗೆ ತಿರುಗಿದಾಗ ಮನೆಯ ಮುಂದೆ ಚಪ್ಪಲಿಗಳ ರಾಶಿ ಕಂಡಿತು.

"ಅವರು ಹೋದ್ರಂತ ಚಪ್ಪಲ್ ನೋಡಿ ನನಗ ತಿಳೀತು. ಮನಷ್ಯಾರ ಯಾರೂ ಹೇಳಲಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮಗಳ, ಯಾರಿಗರೆ ಕೆಟ್ಟ ಸುದ್ದಿ ಹೇಳೂ ಪ್ರಸಂಗ ಬಂದ್ರ ಮೊದಲ ಕುಂದರಸು. ಆಮ್ಯಾಲ ಖರೇ ಹೇಳು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು. ಹೇಳಿ ಎದ್ದು ಹೋಗಬ್ಯಾಡ, ಬಾಜೂಕ ಕುಂದರು" ಎಂದರು.

ಅಪ್ಪ ಬದುಕಿದರು. ಈಗಲೂ ಇದ್ದಾರೆ.

ಕಾಕುವಿನ ಆ ಮಾತು ಪಾಲಿಸುವುದು ನನಗೆ ಕಠಿಣವಾದದ್ದು ಕಳೆದ ವರ್ಷ. ಕಾಕು ಊಟ ಸೇರುತ್ತಿಲ್ಲ ಎನ್ನುತ್ತಿದ್ದರು, ಸೀರೆ ಸಡಿಲವಾಗುತ್ತ ಬಂದಿತ್ತು. ಮಗ ಮಿರಜಿಗೆ ಕರೆದೊಯ್ದು ತೋರಿಸಿಕೊಂಡು ಬಂದ. ಹೊಟ್ಟೆಯಲ್ಲಿ ಗಂಟು, ಬಹಳ ಹಬ್ಬಿದೆ, ಆಪರೇಶನ್ ಮಾಡಿ ಉಪಯೋಗವಿಲ್ಲ ಎಂದು ಅಲ್ಲಿನ ಡಾಕ್ಟರರು ಹೇಳಿದ್ದರು. ತಾಯಿಗೆ ಅವನು ಹೇಳಿದ್ದು ಪಿತ್ತ ಎಂದು.

"ಅಕ್ಕಾ, ಆಕಿಗೆ ಗೊತ್ತಾಗೂದು ಬ್ಯಾಡ. ಇದ್ದಷ್ಟ ದಿನಾ ಆರಾಮ ಇರಲಿ" ಎಂದು ನನ್ನ ಮುಂದೆ ಕೈಮುಗಿದ.

ನಾನು ಹೂಂ ಎಂದೆ. ಆಮೇಲೆ ಆ ಮನೆಯ ಹೊಸ್ತಿಲು ತುಳಿಯಲು ಹೆದರಿಕೆಯಾಗತೊಡಗಿತು. ಹೋದರೂ ಜಗಲಿಯಲ್ಲೇ ನಿಂತು ಅವಸರ ಮಾಡುತ್ತಿದ್ದೆ. ಒಂದು ದಿನ ಕಾಕು ಒಳಗೆ ಕರೆದರು. ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದರು.

"ನೀ ನನ್ನ ಮಾರಿ ನೋಡವಲ್ಲಿ" ಎಂದರು. "ಮಗಾ ಅಂತೂ ನೋಡೂದ ಬಿಟ್ಟಾನ."

ಒಬ್ಬರೂ ಅವರ ಮುಖ ನೋಡದ ಬೇಡಕಿಹಾಳದ ಆ ಜೀಪು ನನಗೆ ನೆನಪಾಯಿತು. ಎದ್ದು ಹೊರಗೆ ಬಂದು ಮಗನಿಗೆ ಹೇಳಿದೆ: "ನೀ ಹೇಳ್ತೀಯೋ, ನಾ ಹೇಳಲೋ?" ಅವನು ತಲೆ ತಗ್ಗಿಸಿ ಕೂತ. ಬೇಡ ಎಂದೂ ಅನ್ನಲಿಲ್ಲ.

ಕಾಕುವಿನ ಮಂಚದ ಮೇಲೆ ಕೂತು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಹೇಳುತ್ತಿದ್ದಂತೆಯೇ, ತಪ್ಪು ಮಾಡುತ್ತಿದ್ದೇನೆಯೇ, ಇದರಿಂದಲೇ ಇವರು ಕುಸಿದುಬಿಟ್ಟರೆ ಏನು ಗತಿ ಎಂದು ಒಳಗೇ ಬೇಯುತ್ತಿದ್ದೆ. ಎಲ್ಲ ಕೇಳಿಸಿಕೊಂಡು ಕಾಕು ಕೇಳಿದ್ದು ಒಂದೇ ಮಾತು.

"ತ್ರಾಸ ಭಾಳ ಆಗ್ತೈತೇನು?"

"ನೋವಿಗೆ ಗುಳಿಗಿ ಕೊಡ್ತಾರಂತ್ರಿ. ಎಷ್ಟು ತಡೀತೈತೋ ನನಗ ಗೊತ್ತಿಲ್ರಿ ಕಾಕು."

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬಾಗಿಲ ಕಡೆ ತಿರುಗಿ ಮಗನನ್ನು ಕೂಗಿದರು. ಆ ಜೋರು ದನಿ ಎಲ್ಲಿ ಹೋಗಿತ್ತೋ, ಪಿಸುಮಾತಿನಂತೆ ಕೇಳಿಸಿತು. ಅವನು ಬಂದು ಕಾಲಬಳಿ ನಿಂತ.

"ಇಷ್ಟ ದಿನಾ ಇದನ್ನೆಲ್ಲಾ ನೀ ಒಬ್ಬನ ಹೊತಗೊಂಡು ತಿರಗ್ಯಾಡಿದೇನೋ, ನನ್ನಪ್ಪಾ?"

ಅವನು ತಾಯಿಯ ತೊಡೆಯ ಮೇಲೆ ತಲೆಯಿಟ್ಟ. ನಾನು ಎದ್ದು ಹೋಗಲಿಲ್ಲ.

ಆ ರಾತ್ರಿಯಿಂದ ಅನೇಕ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವರು ನರಳಿದರೆ ನನ್ನ ಮಾತಿನಿಂದಲೇ ನರಳಿದಂತೆ ಅನ್ನಿಸುತ್ತಿತ್ತು. ಕಾಕು ಮಾತ್ರ ಬೇಡಕಿಹಾಳಕ್ಕೆ ಹೋಗಿ ತಮ್ಮ ಅಕ್ಕನನ್ನು ನೋಡಿ ಬಂದರು. ಯಾವ ಸೀರೆ ಯಾರಿಗೆ ಎಂದು ಹೇಳಿದರು. ಮಳೆಗಾಲ ಶುರುವಾಗುವ ಮೊದಲು, ಒಂದು ಬೆಳಗ್ಗೆ, ಮಗ ಚಹಾ ಕುಡಿಸುತ್ತಿದ್ದಾಗ ಹೋಗಿಬಿಟ್ಟರು.

ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಮಗ ನಮ್ಮ ಮನೆಗೆ ಬಂದ. ಬೈಯಲು ಬಂದಿರಬಹುದೇ ಎಂದು ನನಗೆ ಅಳುಕು. ಕುರ್ಚಿಯ ತುದಿಯಲ್ಲಿ ಕೂತ.

"ಅಕ್ಕಾ, ನೀವು ಹೇಳಿದ ಮ್ಯಾಲ ಅವ್ವಾ ದಿನಾ ಸಂಜೀಕ ನನ್ನ ಕುಂದರಿಸ್ಕೊಂಡು ಮಾತಾಡತಿದ್ಲು" ಎಂದ. "ಅಪ್ಪಾ ಹೆಂಗ ನಗತಿದ್ರು, ಏನ ಉಣ್ಣತಿದ್ರು, ಎಲ್ಲಾ ಹೇಳಿದ್ಲು. ನಮ್ಮಪ್ಪನ್ನ ನಾ ಈಗ ನೋಡಿದಂಗ ಆತ್ರಿ."