ಗಿರಿಜಕ್ಕನಿಗೆ ಸಿಗದ ಗುಳಿಗೆ

ಗಿರಿಜಕ್ಕ, ಮಗಳ ಮದುವೆಗೆ ಮುಂಚೆ ನೀವು ನಾಲ್ಕು ತಿಂಗಳು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ನುಂಗಿದಿರಲ್ಲ, ಆ ಗುಳಿಗೆಯಲ್ಲಿ ಔಷಧವೇ ಇರಲಿಲ್ಲ. ಇರುತ್ತದೆ ಎಂದು ಹೇಳಿದವಳು ನಾನು. ಇಲ್ಲದಿರಬಹುದು ಎಂದು ಗೊತ್ತಿದ್ದೂ ಹೇಳಿದೆ. ಇಷ್ಟು ವರ್ಷ ಈ ಮಾತನ್ನು ನಿಮ್ಮಿಂದ ಮುಚ್ಚಿಟ್ಟಿದ್ದೇನೆ.

ಆಗ ನಾನು ಸ್ನಾತಕೋತ್ತರ ಓದಿನ ಕೊನೆಯಲ್ಲಿದ್ದೆ. ಹಗಲು ಮಾಜಿವಾಡಾ ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ, ಸಂಜೆ ಡೊಂಬಿವಲಿಯ ಮನೆಯಲ್ಲಿ ಕಂಪ್ಯೂಟರ್ ಮುಂದೆ ವಿದೇಶದ ವಿಶ್ವವಿದ್ಯಾಲಯದ ತರಗತಿ. ಹೊಸ ಔಷಧವೊಂದು ಹಲವು ದೇಶಗಳಲ್ಲಿ ಪರೀಕ್ಷೆಯಾಗಿ ಹೇಗೆ ಜನರ ಕೈಸೇರುತ್ತದೆ ಎಂಬುದೇ ನನ್ನ ಓದು. ಪ್ರಬಂಧದ ವಿಷಯ — ಹೇಳಲು ನಾಚಿಕೆಯಾಗುತ್ತದೆ — ರೋಗಿಗೆ ಎಲ್ಲವನ್ನೂ ತಿಳಿಯುವಂತೆ ಹೇಳಿ ಒಪ್ಪಿಗೆ ಪಡೆಯುವುದು ಹೇಗೆ ಎಂಬುದು. ಒಳ್ಳೆಯ ಅಂಕವೂ ಬಂತು!

ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆಂದು ಬಂದ ಹೊಸ ಗುಳಿಗೆಯ ಪರೀಕ್ಷೆ ನಮ್ಮ ಆಸ್ಪತ್ರೆಯಲ್ಲೂ ನಡೆದಿತ್ತು; ಬಂದವರಿಗೆ ವಿವರಿಸಿ ಒಪ್ಪಿಗೆ ಪಡೆಯಲು ನೆರವಾಗುವುದು ನನ್ನ ಕೆಲಸ. ಸೇರಿದವರಲ್ಲಿ ಕೆಲವರಿಗೆ ಔಷಧ, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆ. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯದು, ನಮಗೂ ತಿಳಿಯದು. ಅಲ್ಲಿಯವರೆಗೆ ತಿನ್ನುತ್ತಿದ್ದ ಗುಳಿಗೆಯನ್ನಂತೂ ಎಲ್ಲರೂ ಬಿಡಬೇಕು. ಇನ್ನೊಬ್ಬರು ಸೇರಿದರೆ ನನ್ನ ಓದಿನ ಪ್ರಾಜೆಕ್ಟ್‌ಗೆ ಬೇಕಾದಷ್ಟು ಜನ ಆಗಿ ಅದು ಮುಗಿಯುತ್ತಿತ್ತು. ಆ ಇನ್ನೊಬ್ಬರು ನೀವು.

ವಿಠ್ಠಲವಾಡಿಯಲ್ಲಿ ಸೀರೆ ಅಂಗಡಿ ನಡೆಸುವ ನಿಮಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಡಾಕ್ಟರು ಮರಾಠಿಯಲ್ಲಿ ವಿವರಿಸುವಾಗ ನೀವು ದೂರವೇ ಕೂತಿದ್ದಿರಿ. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಕುರ್ಚಿ ಎಳೆದುಕೊಂಡು ಹತ್ತಿರ ಬಂದಿರಿ. ಒಪ್ಪಿಗೆಯ ಹಾಳೆಗಳನ್ನು ನನ್ನ ಕಡೆ ತಳ್ಳಿ, ನೀ ನಮ್ಮಾಕಿ, ನೀ ಓದಿದ್ರ ನಾ ಓದಿದಂಗ ಅಂದಿರಿ. ಆಮೇಲೆ ಬಿರುಕುಬಿಟ್ಟ ಅಂಗೈಗಳನ್ನು ಮೇಜಿನ ಮೇಲಿಟ್ಟು ಒಂದೇ ಒಂದು ಪ್ರಶ್ನೆ ಕೇಳಿದಿರಿ.

“ಮಗಳ ಮದಿವ್ಯಾಗ ಆಕಿಗೆ ನಾನೇ ಅರಿಷಿಣಾ ಹಚ್ಚಬೇಕು ತಂಗಿ. ನನಗ ಖರೇ ಗುಳಿಗಿನೇ ಕೊಡ್ತಾರ ಹೌದಲ್ಲ?”

ಮದುವೆ ಮುಗಿಯುವವರೆಗೆ ಇದಕ್ಕೆ ಸೇರಬೇಡಿ ಅಕ್ಕ, ಈಗಿನ ಗುಳಿಗೆಯನ್ನೇ ಮುಂದುವರಿಸಿ — ಇಷ್ಟೇ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದಿತ್ತು. ಬಂದಿತ್ತು, ಆದರೆ...

“ಹೂಂ ಅಕ್ಕಾರ, ಖರೇ ಗುಳಿಗಿನೇ. ಕಾಳಜಿ ಮಾಡಬ್ಯಾಡ್ರಿ.”

ನನ್ನ ಮನೆಮಾತು ತುಳು. ನನ್ನ ಕನ್ನಡವೂ ಉಡುಪಿ ಕಡೆಯದು. ಅವತ್ತಿನವರೆಗೆ ನಿಮ್ಮ ಕಡೆಯ ಕನ್ನಡವನ್ನು ನಾನು ಒಂದು ದಿನವೂ ಆಡಿರಲಿಲ್ಲ. ಅದು ನಿಮ್ಮ ಮೇಲಿನ ಪ್ರೀತಿಯಿಂದ ಬಂದದ್ದಲ್ಲ ಅಕ್ಕ. ನಿಮ್ಮ ಮಾತಿನಲ್ಲೇ ಹೇಳಿದರೆ ಬೇಗ ನಂಬುತ್ತೀರಿ ಎಂದು ನನಗೆ ಗೊತ್ತಿತ್ತು.

ಅಲ್ಲಿಗೇ ನಿಲ್ಲಿಸಿದೆನೇ? ಇಲ್ಲ. ಕೈಯ ಬಿರುಕು ಇನ್ನೂ ಹೆಚ್ಚಾಗುತ್ತಿದೆ, ಬಿಟ್ಟುಬಿಡಲೇ ಎಂದು ನೀವು ಫೋನ್ ಮಾಡಿದಿರಿ. ಯಾವಾಗ ಬೇಕಾದರೂ ಬಿಡುವ ಹಕ್ಕು ನಿಮಗಿತ್ತು. ಅದನ್ನು ತಿಳಿಸುವುದೇ ನನ್ನ ಕೆಲಸ. ನಾನು, ಸ್ವಲ್ಪ ತಾಳಿ, ಔಷಧ ಹಿಡಿಯಲು ಸಮಯ ಬೇಕು ಅಂದೆ. ನೀವು ತಾಳಿದಿರಿ.

ಕಲ್ಯಾಣದ ಆ ಮದುವೆ ಹಾಲ್‌ನಲ್ಲಿ ಅರಿಷಿಣ ಹಚ್ಚಿದ್ದು ನಿಮ್ಮ ನಾದಿನಿ. ನೀವು ಸೆರಗಿನೊಳಗೆ ಕೈ ಮುಚ್ಚಿಕೊಂಡು ಕಂಬದ ಪಕ್ಕ ನಿಂತಿದ್ದಿರಿ. ಮಗಳು ಎರಡು ಸಲ ನಿಮ್ಮ ಕಡೆ ತಿರುಗಿ ನೋಡಿದಳು. ನನ್ನನ್ನು ಕಂಡಾಗ ಮಾತ್ರ ಕೈ ಹೊರಗೆ ತೆಗೆದು ನನ್ನ ಕೈ ಹಿಡಿದಿರಿ. ಈ ಹುಡುಗಿ ಚಲೋ ಔಷಧಾನೇ ಕೊಡಿಸಿದ್ದಳು, ನನ್ನ ಮೈಯೇ ಸರಿ ಇಲ್ಲ ಎಂದು ಬೀಗರಿಗೆ ಪರಿಚಯಿಸಿದಿರಿ. ನಾನು ಹಲ್ಲು ಕಿರಿದೆ. ಹೋಳಿಗೆಯನ್ನೂ ತಿಂದೆ.

ಪರೀಕ್ಷೆ ಮುಗಿದು ಗುಟ್ಟು ಬಿಚ್ಚಿದಾಗ ತಿಳಿಯಿತು, ನಿಮಗೆ ಬಂದದ್ದು ಹುಸಿ ಗುಳಿಗೆ. ಆಗಲಾದರೂ ಹೇಳಬಹುದಿತ್ತು. ಮದುವೆಯೇ ಆಗಿಹೋಯಿತು, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡೆ — ಎಷ್ಟು ಸುಲಭವಾಗಿ ಅಂದುಕೊಂಡೆ!

ಈಗ ಘಣಸೋಲಿಯ ಕಚೇರಿಯಲ್ಲಿ ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ, ರೋಗಿಯ ಹತ್ತಿರ ಏನನ್ನೂ ಮುಚ್ಚಿಡಬಾರದು ಎಂದು. ಮೊನ್ನೆ ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸುವಾಗ ನಿಮ್ಮ ಮಗಳು ಸಿಕ್ಕಳು. ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ದೂರು ಹೇಳಿಕೊಂಡಳು. ಅದೇ ಗುಳಿಗೆ ಈಗ ಔಷಧದಂಗಡಿಗೆ ಬಂದಿದೆಯಂತೆ, ಡಾಕ್ಟರು ಬರೆದುಕೊಟ್ಟಿದ್ದಾರಂತೆ, ನೀವು ಮುಟ್ಟುವುದಿಲ್ಲವಂತೆ. ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸಲೂ ಕೈ ಬರುತ್ತಿಲ್ಲವಂತೆ. ನಿಮ್ಮ ಮಾತನ್ನು ಮಾತ್ರ ಕನ್ನಡದಲ್ಲೇ ಹೇಳಿದಳು: “ಆ ಗುಳಿಗಿ ನನ್ನ ಮೈಗೆ ಹತ್ತಂಗಿಲ್ಲ. ನಾ ತಿಂದು ನೋಡೀನಿ.”

ಅವಳು ಹೋದ ಮೇಲೆ ನನ್ನ ಗಾಡಿ ಬಂತು, ಹೋಯಿತು. ನಾನು ಹತ್ತಲಿಲ್ಲ. ನೀವು ತಿಂದೇ ಇಲ್ಲ ಅಕ್ಕ! ನನ್ನ ಸುಳ್ಳು ಮದುವೆಯ ದಿನಕ್ಕೆ ಮುಗಿದಿತ್ತು ಎಂದುಕೊಂಡಿದ್ದೆ. ಅದು ಇವತ್ತಿಗೂ ನಿಮ್ಮ ಕೈಗೆ ಔಷಧ ಸಿಗದಂತೆ ಅಡ್ಡ ನಿಂತಿದೆ.

ಆಮೇಲೆ ಎರಡು ಸಲ ನಿಮ್ಮ ಮನೆಗೆಂದು ಹೊರಟು ಕಲ್ಯಾಣದವರೆಗೆ ಬಂದು ಮರಳಿದೆ. ಮುಂದಿನ ಸ್ಟೇಷನ್ ನಿಮ್ಮದೇ. ಹೇಡಿ ನಾನು, ಇನ್ನೇನು.

ಈ ಭಾನುವಾರ ಬರುತ್ತೇನೆ. ನನ್ನನ್ನು ಕಂಡ ಕೂಡಲೇ ಚಹಾಕ್ಕಿಡಬೇಡಿ, ಮೊದಲು ಕೇಳಿಸಿಕೊಳ್ಳಿ. ಈ ಸಲ ನಿಮ್ಮ ಕನ್ನಡದಲ್ಲಿ ಹೇಳುವುದಿಲ್ಲ, ನನ್ನದರಲ್ಲೇ ಹೇಳುತ್ತೇನೆ — ಅಕ್ಕ, ನಾನು ನಿಮಗೆ ಸುಳ್ಳು ಹೇಳಿದ್ದು. ಕ್ಷಮಿಸಿ ಎಂದು ಕೇಳುವುದಿಲ್ಲ. ಬೈದು ಕಳಿಸಿ, ಬಾಗಿಲು ಹಾಕಿಕೊಳ್ಳಿ. ಆದರೆ ನಿಮ್ಮ ಮೈಯಲ್ಲಿ ಯಾವ ತಪ್ಪೂ ಇರಲಿಲ್ಲ ಎಂಬುದನ್ನು ನಂಬಿ, ಆ ಗುಳಿಗೆ ತರಿಸಿಕೊಳ್ಳಿ.